ಇಂದಿನ ಧಮ್ಮ ಚಿಂತನೆ: ರೀಲಿನಲ್ಲಿ ಉಳಿದ ಎರಡು



ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಓದಿ ಕ್ಯಾಮೆರಾ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬ. ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ಕಾಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ರೀಲಿಗೆ 36 ಚಿತ್ರ. ತೊಳೆಸುವುದಕ್ಕೆ, ಪ್ರಿಂಟಿಗೆ ಮತ್ತೆ ದುಡ್ಡು. ಒಂದು ಮಿಂಚುಳ್ಳಿಗಾಗಿ ಬೆಳಗಿನಿಂದ ಕೆರೆ ಏರಿ ಮೇಲೆ ಕೂತು, ಒಂದೇ ಕ್ಲಿಕ್ ಮಾಡಿ ಬಂದದ್ದುಂಟು.

ಚಿತ್ರ ಹೇಗೆ ಬಂದಿದೆಯೋ ಆಗಲೇ ತಿಳಿಯದು. ನಮ್ಮ ಕಡೆ ಅಟ್ಟದ ಮೇಲೆ ಹಾಕಿದ ಕಾಯಿಯ ಹಾಗೆ. ತಿಂಗಳುಗಟ್ಟಲೆ ಚಿಪ್ಪಿನೊಳಗೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ನಡುವೆ ಒಡೆದು ನೋಡಿದರೆ ಆ ಕಾಯಿ ಹೋಯಿತು. ಕ್ಯಾಮೆರಾದ ಬೆನ್ನು ತೆರೆದರೂ ಅಷ್ಟೇ, ಬೆಳಕು ಬಿದ್ದು ರೀಲು ಹಾಳು.

ಇದನ್ನೇ ನೆನೆದು ರೀಲಿನ ಕಾಲವೇ ಧ್ಯಾನದ ಕಾಲ ಎನ್ನುವವರಿದ್ದಾರೆ. ನಾನೂ ನಮ್ಮ ಬಳಗದಲ್ಲಿ ಹಾಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ.

ಒಂದು ದಿನ ಅಪ್ಪ ತೋಟದ ಯಜಮಾನರ ಕಾಯಿ ಸುಲಿಯುತ್ತಿದ್ದ. ‘ನಂದೊಂದು ತೆಗಿಯೋ’ ಅಂದ. ರೀಲಿನಲ್ಲಿ ಎರಡೇ ಉಳಿದಿತ್ತು. ‘ಮುಂದಿನ ರೀಲಿಗೆ ತೆಗಿತೀನಪ್ಪ’ ಅಂದೆ. ಎರಡನ್ನೂ ಹಕ್ಕಿಗೆ ಖರ್ಚು ಮಾಡಿದೆ. ತೊಳೆಸಿದಾಗ ಎರಡರಲ್ಲೂ ಬರೀ ಕೊಂಬೆ. ಮುಂದಿನ ರೀಲು ಕೊಳ್ಳುವ ಹೊತ್ತಿಗೆ ಅಪ್ಪ ಇರಲಿಲ್ಲ. ಈಗಿರುವುದು ಮತದಾರರ ಚೀಟಿಯ ಮಸುಕು ಮುಖ ಮಾತ್ರ. ಅಜ್ಜಿಯದು ಅದೂ ಇಲ್ಲ.

ದುಡ್ಡಿಲ್ಲದೆ ಬಂದ ಸಂಯಮವನ್ನು ಶೀಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬುದ್ಧಗುರು ಕರ್ಮ ಎಂದದ್ದು ಚೇತನಾವನ್ನು, ಅಂದರೆ ಉದ್ದೇಶವನ್ನು. ನನ್ನ ಉದ್ದೇಶ ಹಕ್ಕಿಯನ್ನು ನನ್ನದಾಗಿಸಿಕೊಳ್ಳುವುದಾಗಿತ್ತು.

ಕೊಡಾಕ್ ಕಂಪನಿ 2009ರಲ್ಲಿ ಕೊಡಾಕ್ರೋಮ್ ರೀಲು ನಿಲ್ಲಿಸಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ ನಾನೂ ಡಿಜಿಟಲ್ ಕೊಂಡಿದ್ದೆ. ತಪ್ಪು ಅಲ್ಲೇ ಕಾಣುತ್ತದೆ, ಅಲ್ಲೇ ತಿದ್ದಿಕೊಳ್ಳಬಹುದು. ನನ್ನ ವಿದ್ಯಾರ್ಥಿಗಳು ಫೋನಿನಲ್ಲೇ ನನಗಿಂತ ಬೇಗ ಕಲಿಯುತ್ತಾರೆ. ನಮ್ಮ ಕೇರಿಯ ಅಜ್ಜಿಯರೂ ಈಗ ಚಿತ್ರದಲ್ಲಿದ್ದಾರೆ. ಸಣ್ಣ ಮಾತಲ್ಲ ಇದು.

ಮೊನ್ನೆ ಅವ್ವ ಜಗಲಿ ಮೇಲೆ ಕೂತು ‘ನಂದೊಂದು ತೆಗಿಯಪ್ಪ’ ಅಂದಳು. 14 ತೆಗೆದೆ. ಬೆಳಕು ಸಾಲದೆಂದು ಒಂದೊಂದೇ ಅಳಿಸುತ್ತಾ ನಿಂತೆ. ‘ಆಯ್ತಾ?’ ಅಂದಳು. ‘ಇರವ್ವ’ ಅಂದೆ, ತಲೆ ಎತ್ತದೆ.

ಆಮೇಲೆ ಫೋನ್ ಜೇಬಿಗಿಟ್ಟು ಪಕ್ಕದಲ್ಲಿ ಕೂತೆ. ಎಡಗಣ್ಣಿಗೆ ಪೊರೆ ಬಂದಿರುವುದು ಆಗ ಕಂಡಿತು. ಅಳಿಸದೆ ಉಳಿದ ಚಿತ್ರಗಳಲ್ಲೂ ಅದಿತ್ತು. ನಾಳೆ ಕಣ್ಣು ತೋರಿಸಲು ತಿಪಟೂರಿಗೆ ಕರೆದೊಯ್ಯುತ್ತಿದ್ದೇನೆ. ಸಂಜೆಯ ಓದಿಗೆ ಬರುವುದು ತಡವಾಗಬಹುದು.

ನಮೋ ಬುದ್ಧಾಯ.