ಲಾಂಗು ಮತ್ತು ಹೊಸ್ತಿಲು

ಪತ್ರಿಕೆಯವರು ‘ಭೂಗತ ಲೋಕ’ ಎಂದು ಬರೆಯುತ್ತಾರೆ. ಬೆಂಗಳೂರಿನ ರೌಡಿಸಂ ಭೂಮಿಯ ಕೆಳಗೆ ಎಂದಿತ್ತು? ಮಾರ್ಕೆಟ್ಟಿನ ಮಾಮೂಲಿಯಲ್ಲಿತ್ತು, ಗಣೇಶನ ಪೆಂಡಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿತ್ತು. 1995ರಲ್ಲಿ ‘ಓಂ’ ಚಿತ್ರ ಮಾಡಿದ ನಿರ್ದೇಶಕ ಉಪೇಂದ್ರ ಅದನ್ನು ಹುಡುಕಿಕೊಂಡು ಅರ್ಚಕರ ಮನೆಗೇ ಹೋದರು.

*

ಅರ್ಚಕರ ಮಗ ಸತ್ಯ ಒಂದು ಹುಡುಗಿಯ ಪ್ರೀತಿಗೆ ಬಿದ್ದು ರೌಡಿಯಾಗುತ್ತಾನೆ. ರೌಡಿಯನ್ನು ಹುಟ್ಟಿಸುವುದು ಹಸಿವೊಂದೇ ಎಂದು ನಂಬಿದವರ ನಿದ್ದೆ ಕೆಡಿಸಬೇಕಾದ ಕಥೆ ಇದು. ಹಸಿದವನಿಗೆ ಅನ್ನ ಹಾಕಬಹುದು. ಪ್ರೀತಿಸಿದವಳ ಮಾತು ನಾಟಿದ ಎದೆಗೆ ಏನು ಹಾಕುತ್ತೀರಿ?

*

ಠಾಣೆಯ ರೌಡಿ ಶೀಟಿನಲ್ಲಿ ಹೆಸರಿದೆ, ಅಡ್ಡಹೆಸರಿದೆ, ಕೇಸಿನ ನಂಬರಿದೆ. ಅವನು ಕೊನೆಯ ಸಲ ಮನೆಯಲ್ಲಿ ಕೂತು ಉಂಡದ್ದು ಯಾವತ್ತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

*

ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವರು ಈ ಚಿತ್ರದಲ್ಲಿದ್ದಾರೆ. ಅವರ ಮುಖಗಳನ್ನೇ ನೋಡುತ್ತಾ ಕೂತೆ. ಹೆದರಿಸಬೇಕಾದರೆ ನಟರು ಹುಬ್ಬು ಗಂಟಿಕ್ಕುತ್ತಾರೆ, ಹಲ್ಲು ಕಡಿಯುತ್ತಾರೆ. ಇವರಿಗೆ ಅದರ ಅಗತ್ಯವೇ ಇಲ್ಲ. ಬಸ್ಸಿಗೆ ಕಾಯುವವರಂತೆ ಸುಮ್ಮನೆ ನಿಂತಿದ್ದಾರೆ. ಅವರು ನನ್ನ ಬೀದಿಯವರೇ ಇರಬಹುದು ಅನ್ನಿಸಿ ಮೈ ತಣ್ಣಗಾಯಿತು.

*

ಚಿತ್ರಕ್ಕೆ ದುಡ್ಡು ಹಾಕಿದವರು ತಾಯಿ ಪಾರ್ವತಮ್ಮ. ‘ಹೇ ದಿನಕರ’ ಹಾಡಿದವರು ತಂದೆ ರಾಜಕುಮಾರ್. ಸತ್ಯನಾಗಿ ಲಾಂಗು ಹಿಡಿದವರು ಮಗ ಶಿವರಾಜಕುಮಾರ್. ಊರೆಲ್ಲ ‘ಅಣ್ಣಾವ್ರು’ ಎಂದು ಕೈಮುಗಿಯುತ್ತಿದ್ದ ಮನೆಯದು. ತಮ್ಮ ಮಗನನ್ನೇ ಮುಂದೆ ನಿಲ್ಲಿಸಿ, ದಾರಿ ತಪ್ಪಿದರೆ ಮನೆಮಗನೂ ಹೀಗಾದಾನು ಎಂದು ತೋರಿಸಲು ಎಂಥ ಗುಂಡಿಗೆ ಬೇಕು! ಈ ಚಿತ್ರದ ಮೇಲೆ ನನಗಿರುವ ಗೌರವದಲ್ಲಿ ಅರ್ಧ ಪಾಲು ಇದಕ್ಕೇ.

*

‘ಅಣ್ಣ’ ಎನ್ನುವುದು ಎಂಥ ಹಸನಾದ ಮಾತು. ರೌಡಿಯನ್ನೂ ಶಿಷ್ಯರು ಹಾಗೆಯೇ ಕರೆಯುತ್ತಾರೆ. ಮನೆ ಬಿಟ್ಟು ಬಂದವನಿಗೆ ಮನೆಯ ಮಾತೇ ಬೇಕಾಗುತ್ತದೆ.

*

500ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾದ ಚಿತ್ರ. ಶಿಳ್ಳೆ ಬಿದ್ದದ್ದೆಲ್ಲ ಲಾಂಗಿಗೆ. ಲಾಂಗು ಹಿಡಿದರೆ ಶಿವಣ್ಣನೇ ಹಿಡಿಯಬೇಕು ಎನ್ನುವುದು ಅಭಿಮಾನಿಗಳ ನಾಲಗೆಯಲ್ಲಿ ಗಾದೆಯಾಯಿತು. ಆ ಲಾಂಗಿಗಾಗಿ ಸತ್ಯ ತೆತ್ತದ್ದನ್ನು ಯಾರಾದರೂ ನೆನೆದರೇ? ನನಗೆ ಇದು ನಿಜವಾಗಿ ನೋವು.

*

ಅಂಥದೊಂದು ಮರುಬಿಡುಗಡೆಯಲ್ಲಿ, ನನ್ನ ಮುಂದಿನ ಸಾಲಿನಲ್ಲಿ, ಅಪ್ಪನ ತೊಡೆ ಮೇಲೆ ಕೂತ ಪುಟ್ಟ ಹುಡುಗ ಮಡಿಸಿದ ಛತ್ರಿಯನ್ನು ಲಾಂಗಿನ ಹಾಗೆ ಬೀಸುತ್ತಿದ್ದ. ಅಪ್ಪ ನಗುತ್ತಿದ್ದರು. ತೆರೆಯ ಮೇಲೆ ಸತ್ಯನ ತಂದೆಯ ಮುಖ ಬಂತು. ಅಪ್ಪನ ನಗು ನಿಂತಿತು. ಛತ್ರಿಯನ್ನು ಮೆಲ್ಲನೆ ಮಗನ ಕೈಯಿಂದ ಬಿಡಿಸಿಕೊಂಡು ಸೀಟಿನ ಕೆಳಗಿಟ್ಟರು.