ದೇವಿಯಿಂದ ಲಸಿಕೆಗೆ

ಹುಬ್ಬಳ್ಳಿಯ ಕೇಶ್ವಾಪುರದ ಹಳೆಯ ಮನೆಗಳಲ್ಲಿ ಎಪ್ಪತ್ತು ದಾಟಿದವರ ತೋಳಿನ ಮೇಲೆ ದುಂಡನೆಯ ಕಲೆ ಕಾಣುತ್ತದೆ. ‘ಏನಜ್ಜಾ ಇದು?’ ಎಂದು ಮೊಮ್ಮಗ ಕೇಳಿದರೆ, ‘ಸಣ್ಣಾಂವ ಇದ್ದಾಗ ದೇವಿ ಹಾಕಿದ್ರಪ್ಪಾ’ ಎಂಬ ಉತ್ತರ ಬರುತ್ತದೆ. ಸಿಡುಬು ಎದ್ದರೂ ದೇವಿ, ಸಿಡುಬು ಬರದಂತೆ ಚುಚ್ಚಿದರೂ ದೇವಿ. ಕಾಯಿಲೆ, ಕಾಯುವ ತಾಯಿ, ಮದ್ದು ಮೂರಕ್ಕೂ ಒಂದೇ ಹೆಸರು. ಇದನ್ನು ನಾನು ಅಜ್ಞಾನ ಎನ್ನಲಾರೆ. ಹೊಸ ಮದ್ದು ಹೊಸ್ತಿಲು ದಾಟಬೇಕಾದರೆ ಮನೆಯವರು ನಂಬಿದ ಹೆಸರನ್ನು ಹೊತ್ತೇ ಬರಬೇಕಾಗುತ್ತದೆ.

ಈಗ ಎಲ್ಲರ ಬಾಯಲ್ಲಿರುವ ‘ಲಸಿಕೆ’ಯೂ ದೂರದಿಂದ ನಡೆದು ಬಂದದ್ದು. ಚರಕಸಂಹಿತೆಯಲ್ಲಿ ಅದು ಮದ್ದಲ್ಲ. ಚರ್ಮದಡಿಯಲ್ಲಿದ್ದು ಗಾಯವಾದಾಗ ಒಸರುವ ನೀರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್ ಗೋಸಿಡುಬಿನ ಗುಳ್ಳೆಯ ರಸವನ್ನು ಹುಡುಗನೊಬ್ಬನ ತೋಳಿಗೆ ಹಾಕಿದ. ಅಂಥ ಸಿಡುಬಿನ ಮದ್ದು ನಮ್ಮ ಬೆಳಗಾವಿಯ ತಿಲಕವಾಡಿಯಲ್ಲೂ ತಯಾರಾಗುತ್ತಿತ್ತು. ಆ ಜಾಗಕ್ಕೆ ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಹೆಸರು. ಒಸರುವ ರಸವೇ ಮದ್ದಾದಾಗ ಹಳೆಯ ಪದ ಅದಕ್ಕೆ ಸಹಜವಾಗಿ ಒಗ್ಗಿತು.

ಲ್ಯಾಟಿನ್ನಿನ ಆಕಳಿನಿಂದ ಹುಟ್ಟಿದ ‘ವ್ಯಾಕ್ಸಿನ್’ ಪದವನ್ನು 1881ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್, ಜೆನ್ನರನ ಗೌರವಾರ್ಥ, ಬೇರೆ ರೋಗಗಳ ತಡೆಮದ್ದಿಗೂ ಹಿಗ್ಗಿಸಿದ. 1898ರಲ್ಲಿ ಪ್ಲೇಗಿಗೆ ತತ್ತರಿಸಿದ್ದ ಹುಬ್ಬಳ್ಳಿಗೆ ರೋಗಾಣು ವಿಜ್ಞಾನಿ ಹಾಫ್ಕಿನ್ನನ ತಡೆಮದ್ದು ಬಂತು. ಅದರಲ್ಲಿ ಆಕಳೂ ಇರಲಿಲ್ಲ, ಗುಳ್ಳೆಯ ರಸವೂ ಇರಲಿಲ್ಲ. ತುಪ್ಪ ಇಲ್ಲವೇ ಕೊಬ್ಬರಿ ಎಣ್ಣೆ ತೇಲಿಸಿದ ಮಾಂಸದ ಸಾರಿನಲ್ಲಿ ರೋಗಾಣು ಬೆಳೆಸಿ, ಕಾಯಿಸಿ ಕೊಂದು ಮಾಡಿದ ದ್ರವ ಅದು. ಊರಿನ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದಕ್ಕೆ ತೋಳೊಡ್ಡಿದರು.

1980ರಲ್ಲಿ ಸಿಡುಬು ಜಗತ್ತಿನಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ದೇವಿ ಹಾಕುವುದು ನಿಂತಿತು, ಲಸಿಕೆ ಉಳಿಯಿತು. ಕೋವಿಡ್ ಕಾಲಕ್ಕೆ ಕೆಲವು ದೇಶಗಳಲ್ಲಿ ರೋಗಾಣುವೇ ಇಲ್ಲದೆ, ಅದರ ಒಂದು ಭಾಗವನ್ನು ಕಟ್ಟಲು ದೇಹಕ್ಕೆ ಸೂಚನೆ ಕೊಡುವ ಮದ್ದೂ ಬಂತು. ಅದೂ ಲಸಿಕೆಯೇ.

ಪದ ಹಿಗ್ಗಿದ್ದು ತಪ್ಪಲ್ಲ. ರೋಗ ಬರುವ ಮೊದಲೇ ಮೈಯನ್ನು ಸಜ್ಜು ಮಾಡುವುದು ಎಂಬ ತಿರುಳು ಎಲ್ಲದರಲ್ಲೂ ಒಂದೇ. ಆದರೆ ಹಳೆಯ ಹೆಸರು ಗಳಿಸಿದ ನಂಬಿಕೆ ಅದರೊಳಗಿನ ಹೊಸ ವಸ್ತುವಿಗೆ ತಾನಾಗಿ ದಕ್ಕುವುದಿಲ್ಲ. ಅದನ್ನು ಪ್ರತಿ ಸಲವೂ ಗಳಿಸಬೇಕು. ಆದ್ದರಿಂದ ಕೂಸನ್ನೆತ್ತಿಕೊಂಡು ಬಂದ ತಾಯಿ ‘ಇದರಾಗ ಏನೈತ್ರಿ ಸಿಸ್ಟರ್?’ ಎಂದು ಕೇಳಿದರೆ ಗದರಬೇಡಿ. ಸೂಜಿ ಎತ್ತುವ ಮೊದಲು ಆಕೆಗೆ ತಿಳಿಯುವಂತೆ ಉತ್ತರ ಹೇಳಿ.