ರಕ್ತದ ಸಾಕ್ಷಿ

ಸಾಕ್ಷಿಯ ಮಾತು ನಿಜವಾಗಿದ್ದರೆ ಸಾಕೋ, ಕೇಳುವವರಲ್ಲಿ ವಿವೇಕವೂ ಬೇಕೋ ಎಂಬ ಪ್ರಶ್ನೆಯು ನ್ಯಾಯಸ್ಥಾನಕ್ಕೆ ಮಾತ್ರ ಸೇರಿದ್ದಲ್ಲ; ರೋಗಿಯ ಮಂಚದ ಬಳಿಯಲ್ಲಿಯೂ ಅದು ಏಳುತ್ತದೆ.

ಪ್ರಿಯ ವಾಚಕರೇ, ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನ ಒಬ್ಬ ಗರ್ಭಿಣಿಯು ಎರಡು ದಿವಸ ವಾಂತಿಭೇದಿಯಿಂದ ಬಳಲಿ ರಕ್ತಪರೀಕ್ಷೆಗೆ ಬಂದಳೆಂದು ಎಣಿಸಿರಿ. ಹಿಮೋಗ್ಲೋಬಿನ್ 11.2 ಗ್ರಾಂ ಎಂದು ಕಾಗದದಲ್ಲಿ ಬಂದಿತು. ಗರ್ಭಿಣಿಯರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೂ, 7ಕ್ಕಿಂತ ಕಡಿಮೆಯಿದ್ದರೆ ಅದು ಕಠಿಣವೆಂದೂ ಎಣಿಸುವರು. ಹೀಗಿರಲಾಗಿ ಕಾಗದವನ್ನಷ್ಟೇ ಓದುವ ದಾದಿಯು, “ನಿನಗೇನೂ ಇಲ್ಲ, ಹೋಗವ್ವಾ” ಎಂದು ಕಳುಹಿಸುವಳು. ಆದರೆ ಶರೀರದ ನೀರು ಬತ್ತಿದಾಗ ರಕ್ತವು ಗಟ್ಟಿಯಾಗಿ ಅಂಕಿಯು ಏರುವದು. ನೀರು ತುಂಬಿದ ಮೇಲೆ ಇಳಿಯುವದು. ಅಂಕಿಯು ಸುಳ್ಳಾಡಲಿಲ್ಲ, ಆದರೆ ಅವಳ ಬಿಳಿಚಿದ ಕಣ್ರೆಪ್ಪೆಯೂ ಏದುಸಿರೂ ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಕಣ್ಣನ್ನೇ ನಂಬೋಣವೋ? ಅದೂ ಸಲ್ಲದು. ಯಾಕಂದರೆ ಅಲ್ಪವಾದ ರಕ್ತಹೀನತೆಯು ಅನೇಕ ಸಾರಿ ಕಣ್ಣಿಗೆ ಕಾಣುವದೇ ಇಲ್ಲ; ಅದಕ್ಕಾಗಿಯೇ ಪರೀಕ್ಷೆಯಿದೆ. ಎರಡು ಸಾಕ್ಷಿಗಳು ಒಂದಕ್ಕೊಂದು ಒಪ್ಪದಿರುವಾಗ ಒಂದನ್ನು ತಳ್ಳಿಬಿಡದೆ ಮತ್ತೊಮ್ಮೆ ವಿಚಾರಿಸಿ ವೈದ್ಯರಿಗೆ ತಿಳಿಸುವದೇ ನ್ಯಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಂದುಂಟು. ಬೆರಳನ್ನು ಬಲವಾಗಿ ಹಿಂಡಿದರೆ ಮಾಂಸದೊಳಗಿನ ನೀರು ಬೆರೆತು ಹಿಮೋಗ್ಲೋಬಿನ್ ಕಡಿಮೆಯಾಗಿ ತೋರುವದು. ರಕ್ತವನ್ನು ಸೂಜಿಯ ಮೂಲಕ ರಭಸವಾಗಿ ನೂಕಿದರೆ ಕೆಂಪು ಕಣಗಳು ಒಡೆದು ಪೊಟ್ಯಾಸಿಯಂ ಹೆಚ್ಚಾಗಿ ತೋರುವದು. ನಳಿಕೆಯಲ್ಲಿ ಹಾಗೆಯೇ ಇಟ್ಟ ರಕ್ತದ ಕಣಗಳು ಅಲ್ಲಿಯೂ ಸಕ್ಕರೆಯನ್ನು ತಿನ್ನುತ್ತಲೇ ಇರುವವು. ತಾಸಿಗೆ ನೂರಕ್ಕೆ 5ರಿಂದ 7 ಪಾಲು ತಗ್ಗುವದು. ದೂರದ ಹಳ್ಳಿಯಿಂದ ಬಿಸಿಲಲ್ಲಿ ಬಂದ ನಳಿಕೆಯು ಮಧುಮೇಹವನ್ನು ಮರೆಮಾಡಲೂಬಹುದು. ತನ್ನ ಕೈ ತಪ್ಪಿತೆಂದು ಬಲ್ಲ ದಾದಿಯು, ಬೈಗಳ ಭಯದಿಂದಲೋ ಬಡವಳಿಗೆ ಮತ್ತೆ ಸೂಜಿ ಚುಚ್ಚಬೇಕಲ್ಲಾ ಎಂಬ ಮರುಕದಿಂದಲೋ ಸುಮ್ಮನಿದ್ದರೆ, ಸುಳ್ಳುಸಾಕ್ಷಿ ಹೇಳಿದವರಾರು? ಯಂತ್ರವಲ್ಲ. ಎರಡನೆಯ ಸೂಜಿಯ ನೋವು ಒಂದು ಕ್ಷಣದ್ದು. ತಪ್ಪಾದ ಅಂಕಿಯ ಮೇಲೆ ಕೊಟ್ಟ ಔಷಧವಾದರೋ ಪ್ರಾಣಕ್ಕೆ ಮುಟ್ಟಬಹುದು. ಸತ್ಯವನ್ನು ಮುಚ್ಚುವ ಮರುಕವು ಮರುಕವಲ್ಲ.

ಅಂಕಿಯು ಎಷ್ಟೆಂಬದನ್ನು ಹೇಳುವದು, ಯಾಕೆಂಬದನ್ನು ಹೇಳದು. ಬಿಜಾಪುರವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1928ರಿಂದ ಡಾಕ್ಟರ್ ಲೂಸಿ ವಿಲ್ಸ್ ಎಂಬ ಆಂಗ್ಲ ಸ್ತ್ರೀಯು ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಶೋಧಿಸಿದಳು. ಅವಳು ರಕ್ತವನ್ನಷ್ಟೇ ನೋಡದೆ ಅವರು ಏನು ಉಣ್ಣುತ್ತಾರೆಂದೂ ವಿಚಾರಿಸಿದಳು. ಯೀಸ್ಟಿನ ಸಾರದಿಂದ ಅವರು ಗುಣಹೊಂದುವದನ್ನು 1931ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಸತ್ವಕ್ಕೆ ಮುಂದೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಇಂದು ಗರ್ಭಿಣಿಯರಿಗೆ ಕಬ್ಬಿಣದೊಂದಿಗೆ ಕೊಡುವ ಗುಳಿಗೆಯಲ್ಲಿ ಅದೇ ಇದೆ.

ಆದದರಿಂದ ದಾದಿಯರೇ, ಕಾಗದವನ್ನು ಓದುವ ಮೊದಲು ಮುಖವನ್ನು ಓದಿರಿ. ರೋಗಿಗಳೇ, ಉಂಡದ್ದನ್ನೂ ವಾಂತಿಯಾದದ್ದನ್ನೂ ನುಂಗದೆ ಬಿಟ್ಟ ಗುಳಿಗೆಯನ್ನೂ ಮರೆಮಾಡದೆ ಹೇಳಿರಿ. ರಕ್ತವು ಒಂದು ಸಾಕ್ಷಿ ಮಾತ್ರ. ತೀರ್ಪಿನ ಹೊಣೆಯು ಮನುಷ್ಯರದೇ.